ಗಂಡನೆಂಬುದಕ್ಕೆ ಪುರಾವೆ

ಮದುವೆಯಾಗಿ ಎರಡೂವರೆ ವರ್ಷವಾದ ಮೇಲೆ ತಾನು ತನ್ನ ಹೆಂಡತಿಯ ಗಂಡನೇ ಹೌದು ಅಂತ ರುಜುವಾತು ಮಾಡುವ ಪ್ರಸಂಗ ಶತ್ರುವಿಗೂ ಬರಬಾರದು. ಹುಕ್ಕೇರಿಯ ಸೂರಜನಿಗೆ ಬಂತು. ಓಣಿಯ ಮಂದಿ ಬಾಯಿಗೆ ಬಂದದ್ದು ಆಡಿಕೊಂಡಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಕೇಳಿದ್ದು ನ್ಯೂಝಿಲಂಡ್ ಸರಕಾರ.

ಸೂರಜ ಮೋಟರ್ ಸುತ್ತುವವನು. ಸುತ್ತಲಿನ ರೈತರ ಪಂಪ್‌ಸೆಟ್ಟು ಸುಟ್ಟರೆ ಬಸ್‌ಸ್ಟ್ಯಾಂಡ್ ಹಿಂದಿನ ಅವನ ಅಂಗಡಿಗೇ ಬರಬೇಕು. ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹೊಡೆದು ಒಣಗಿಸಿ ಕೊಟ್ಟನೆಂದರೆ ಮುಂದಿನ ಬೇಸಿಗೆಯವರೆಗೆ ಆ ಮೋಟರಿನ ತಕರಾರು ಇರುತ್ತಿರಲಿಲ್ಲ. ಅವನದೂ ಯಾರೊಂದಿಗೂ ತಕರಾರಿಲ್ಲ, ಮಾತೂ ಕಡಿಮೆ. ಹೆಂಡತಿ ಮಯೂರಿ ಮೂಡಲಗಿಯವಳು, ನರ್ಸ್. ಮದುವೆಯಾದಾಗ ಗೋಕಾಕದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಳು. ವರ್ಷ ತುಂಬುವುದರೊಳಗೆ ನ್ಯೂಝಿಲಂಡಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಕ್ಕಿ, ಎರಡು ವರ್ಷದ ವೀಸಾದ ಮೇಲೆ ವಿಮಾನ ಹತ್ತಿದಳು.

ನಮ್ಮ ಊರುಗಳ ನ್ಯಾಯ ನೋಡಿ. ಗಂಡ ಪರದೇಶಕ್ಕೆ ದುಡಿಯಲು ಹೋದರೆ ಹೆಂಡತಿಗೆ 'ಪುಣ್ಯವಂತಿ' ಅನ್ನುತ್ತಾರೆ. ಹೆಂಡತಿ ಹೋದರೆ ಗಂಡನಿಗೆ 'ಮುಂದ ಹೆಂಗಪಾ?' ಅನ್ನುತ್ತಾರೆ. ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಸಂತೆಯಲ್ಲಿ, ಎಲ್ಲೆಲ್ಲೂ ಅದೇ ಪ್ರಶ್ನೆ. ಸೂರಜ ನಕ್ಕು ಸುಮ್ಮನಾಗುತ್ತಿದ್ದ.

ಎರಡು ಸಾವಿರದ ಆರರ ದೀಪಾವಳಿಗೆ ಮಯೂರಿಯ ವೀಸಾ ಮುಗಿಯುವುದಿತ್ತು. ಅದಕ್ಕೂ ಮೊದಲು ಅಲ್ಲೇ ಕಾಯಂ ಇರುವ ಪರವಾನಗಿ, ಅದನ್ನು ಅವಳು 'ಪರ್ಮನಂಟ್' ಅನ್ನುತ್ತಿದ್ದಳು, ಸಿಕ್ಕರೆ ಗಂಡನನ್ನೂ ಕರೆಸಿಕೊಳ್ಳಬಹುದು. ಸಿಗದಿದ್ದರೆ ಗಂಟುಮೂಟೆ ಕಟ್ಟಿ ವಾಪಸು ಬರಬೇಕು, ಗೋಕಾಕದ ಕೆಲಸವನ್ನೂ ಬಿಟ್ಟಾಗಿತ್ತು. ಅವಳ ಓದು, ಅವಳ ಕೆಲಸ, ಅವಳ ಇಂಗ್ಲೀಷು, ಎಲ್ಲ ಪಾಸಾಯಿತು. ಅಡ್ಡ ಬಂದದ್ದು ಒಂದೇ: ಗಂಡ. ಇಬ್ಬರದೂ ಒಂದೇ ಅರ್ಜಿ. ಈ ಮದುವೆ ನಿಜವಾದ ಮದುವೆಯೋ, ವೀಸಾದ ಸಲುವಾಗಿ ಕಾಗದದ ಮೇಲೆ ಆದದ್ದೋ ಅನ್ನುವುದಕ್ಕೆ ಪುರಾವೆ ಕಳಿಸಿ ಅಂತ ಕೇಳಿದ್ದರು.

ಸೂರಜ ಗೋಕಾಕಕ್ಕೆ ಹೋಗಿ ಶ್ರೇಣಿಕ ವಕೀಲರನ್ನು ಕಂಡ. ಅವರು ಕೋರ್ಟಿನ ಎದುರು ಮಾಳಿಗೆಯ ಮೇಲೆ ಕೂತು ಮೂವತ್ತು ವರ್ಷದಿಂದ ಬರೀ ಜಮೀನಿನ ಕೇಸು ನಡೆಸಿದವರು. ಈಚೆಗೆ ಪಾಸ್‌ಪೋರ್ಟು, ವೀಸಾ ಅಂತಲೂ ಹೊರಗೆ ಬೋರ್ಡು ಬರೆಸಿದ್ದರು. ಬೋರ್ಡು ಬದಲಾಯಿತೇ ಹೊರತು ತಲೆ ಬದಲಾಗಿರಲಿಲ್ಲ.

"ಮದುವಿ ಸರ್ಟಿಫಿಕೇಟ್ ಐತಿ, ಒಪ್ಪಿದೆ. ಅದು ಖರೇದಿ ಪತ್ರ ಇದ್ದಂಗ" ಎಂದರು ವಕೀಲರು ಕನ್ನಡಕ ಏರಿಸಿ. "ಆದ್ರ ಕಬ್ಜಾ ಎಲ್ಲೈತಿ ತಮ್ಮಾ? ವಹಿವಾಟ ಎಲ್ಲೈತಿ? ಬರೇ ಹೆಸರಲೆ ಇದ್ರ ಸಾಕಾಗಂಗಿಲ್ಲ."

"ಸಾಹೇಬ್ರ, ಆಕಿ ಹೊಲ ಅಲ್ರಿ."

"ಕಾಯದೇಕ ಎಲ್ಲಾ ಒಂದ. ಫೋಟೊ ತಗೊಂಬಾ, ಕಾಗದ ತಗೊಂಬಾ, ಫೋನಿನ ಬಿಲ್ ತಗೊಂಬಾ, ನಾಕ ಮಂದಿ ಪಂಚರ ಸಾಕ್ಷಿ ತಗೊಂಬಾ. ಕಾಗದ ದಪ್ಪ ಇದ್ದಷ್ಟ ಕೇಸ್ ಗಟ್ಟಿ."

ಮದುವೆ ಮೂಡಲಗಿಯಲ್ಲಾದ್ದರಿಂದ ಫೋಟೊ ಆಲ್ಬಮ್ಮು ಮಯೂರಿಯ ತವರಿನಲ್ಲಿತ್ತು. ಸೂರಜ ಮರುದಿನವೇ ಮೂಡಲಗಿಯ ಬಸ್ಸು ಹಿಡಿದ. ಅತ್ತೆ ಸಾತವ್ವ ಟ್ರಂಕಿನ ತಳದಿಂದ ಆಲ್ಬಮ್ ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು. ಇಬ್ಬರೂ ಕೂತು ಪುಟ ತಿರುವಿದರು. ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ಅವುಗಳ ಮುಂದೆ ಮದುಮಕ್ಕಳು. ಇಲ್ಲಿಯವರೆಗೆ ಸರಿ. ಆಮೇಲೆ ಶುರುವಾಯಿತು ನೋಡಿ ಆಯೇರಿ. ಒಬ್ಬೊಬ್ಬರೂ ಹಿತ್ತಾಳೆ ಕೊಡ, ಸ್ಟೀಲಿನ ಡಬರಿ, ಗೋಡೆ ಗಡಿಯಾರ ಹಿಡಿದು ಬಂದು, ಗಂಡ-ಹೆಂಡತಿಯ ನಟ್ಟನಡುವೆ ನಿಂತು, ಕೊಟ್ಟದ್ದು ಕಾಣುವ ಹಾಗೆ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡಿದ್ದರು. ಸೂರಜ ಒಂದು ತುದಿಗೆ, ಮಯೂರಿ ಇನ್ನೊಂದು ತುದಿಗೆ. ಇಬ್ಬರೂ ಕ್ಯಾಮೆರಾ ನೋಡದೆ ನೆಲ ನೋಡುತ್ತಿದ್ದರು. ಇಬ್ಬರ ಮುಖದಲ್ಲೂ ಯಾರೋ ಸತ್ತ ಕಳೆ. ಒಂದರಲ್ಲಿ ಮಾತ್ರ ಮಯೂರಿ ನಕ್ಕಿದ್ದಳು, ಅದರಲ್ಲಿ ಸೂರಜನ ಮುಖದ ಮೇಲೆ ಡಬರಿ ಬಂದಿತ್ತು.

"ಇಬ್ಬರ ಅಷ್ಟ ಇರೂದು ಒಂದೂ ಇಲ್ಲೇನ್ರಿ ಅತ್ತಿ?"

"ಅಯ್ಯ, ಮದಿವ್ಯಾಗ ಇಬ್ಬರ ಅಷ್ಟ ನಿಂದ್ರಾಕ ಅದೇನ ಸಿನೇಮಾನ?" ಎಂದಳು ಸಾತವ್ವ. ಅವಳ ಮಾತೂ ಖರೆ.

ಕಾಗದಗಳ ಕತೆ ಇನ್ನೂ ಚೆಂದ. ಮಯೂರಿ ಎರಡು ವರ್ಷದಲ್ಲಿ ಬರೆದ ಕಾಗದಗಳನ್ನು ಸೂರಜನ ತಾಯಿ ರಾಯವ್ವ ಒಂದೂ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ಯಾಕೆಂದರೆ ಅವೆಲ್ಲ ಅವಳಿಗೇ ಬಂದವು. ಮನೆಯಲ್ಲಿ ಹಿರಿಯರಿರುವಾಗ ಸೊಸೆಯಾದವಳು ನೇರ ಗಂಡನ ಹೆಸರಿಗೆ ಕಾಗದ ಹಾಕುವುದುಂಟೆ? ಮಯೂರಿ ರೀತಿ-ರಿವಾಜು ಬಲ್ಲವಳು. 'ಪೂಜ್ಯ ಅತ್ತೆಯವರಿಗೆ ಮಯೂರಿಯ ಸಪ್ರೇಮ ಜೈಭೀಮ' ಅಂತ ಶುರು ಮಾಡಿ, ಅಲ್ಲಿಯ ಚಳಿ, ಅಲ್ಲಿಯ ಮುದುಕಿಯರ ಮೊಂಡುತನ, ರಾಯವ್ವನ ಮೊಣಕಾಲು ನೋವಿಗೆ ಯಾವ ಎಣ್ಣೆ, ಎಲ್ಲ ಬರೆದು, ಕೊನೆಗೆ 'ಮಾವನವರಿಗೆ, ವೈನಿಯವರಿಗೆ, ಮಕ್ಕಳಿಗೆ, ಮನೆಯಲ್ಲಿ ಎಲ್ಲರಿಗೂ ಕೇಳಿದೆನೆಂದು ಹೇಳಿರಿ, ಎಮ್ಮೆ ಈಯಿತೇ?' ಅಂತ ಮುಗಿಸುತ್ತಿದ್ದಳು. ಆ 'ಎಲ್ಲರಿಗೂ' ಮತ್ತು ಎಮ್ಮೆಯ ನಡುವೆ ಎಲ್ಲೋ ಒಂದು ಕಡೆ ಸೂರಜ ಇದ್ದ.

ಫೋನೂ ಅಷ್ಟೇ. ರವಿವಾರ ಮುಂಜಾನೆ ಪಡಸಾಲೆಯ ಫೋನು ಗಣಗುಟ್ಟಿತೆಂದರೆ ಮನೆಯಷ್ಟೇ ಅಲ್ಲ, ಬಾಜೂ ಮನೆಯ ಗೌರಕ್ಕ ಕೂಡ ಕೈಯಲ್ಲಿನ ರೊಟ್ಟಿ ಹಿಟ್ಟು ತೊಳೆಯದೆ ಓಡಿ ಬರುತ್ತಿದ್ದಳು. ಮೊದಲು ರಾಯವ್ವ. ಅವಳದು ಸಾವಕಾಶ. ಆಮೇಲೆ ಸೂರಜನ ಅಣ್ಣನ ಹೆಂಡತಿ, ಅವಳ ಮಕ್ಕಳು, ಗೌರಕ್ಕ. ಅಪ್ಪ ಸತ್ತೆಪ್ಪ 'ಆರಾಮ ಅದಿಯವಾ?' ಅಂದು ರಿಸೀವರ್ ಕೊಡುತ್ತಿದ್ದ, ಅವನ ವಾರದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರದೂ ಆಗಿ ಸೂರಜನ ಕೈಗೆ ಬರುವಾಗ ಮಯೂರಿಯ ಫೋನ್ ಕಾರ್ಡಿನಲ್ಲಿ ಒಂದೆರಡು ಉಸಿರಿನಷ್ಟು ಹೊತ್ತು ಉಳಿದಿರುತ್ತಿತ್ತು. ಸುತ್ತ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟು ಕಣ್ಣುಗಳ ಮುಂದೆ ಹೆಂಡತಿಗೆ ಏನು ಹೇಳಬೇಕು? 'ಹೂಂ' ಅನ್ನುತ್ತಿದ್ದ. ಲೈನು ಕಟ್ಟಾಗುತ್ತಿತ್ತು.

ಶ್ರೇಣಿಕ ವಕೀಲರು ಕಾಗದಗಳನ್ನು ಓದಿ, ಕನ್ನಡಕ ಕೆಳಗಿಟ್ಟು, ಕಣ್ಣುಜ್ಜಿಕೊಂಡರು.

"ಸೂರಜ, ಇದನ್ನ ನೋಡಿದ್ರ ಆಕಿ ನಿಮ್ಮವ್ವನ ಕೂಡ ಸಂಸಾರ ಮಾಡಾಕತ್ತಂಗ ಐತಿ."

ಆದರೂ ಕಾಗದ ದಪ್ಪವಾಗಬೇಕಲ್ಲ, ಎಲ್ಲವನ್ನೂ ಲಗತ್ತಿಸಿದರು. ಉಳಿದದ್ದು ಪಂಚರ ಸಾಕ್ಷಿ. ವಕೀಲರು ಸ್ಟ್ಯಾಂಪ್ ಪೇಪರಿನ ಮೇಲೆ ಒಂದು ಮಸೂದೆ ಮಾಡಿಕೊಟ್ಟರು: 'ಸದರಿ ಸೂರಜ ಹಾಗೂ ಸದರಿ ಮಯೂರಿ ಇವರು ಪರಸ್ಪರ ಅತೀವ ಪ್ರೀತಿಯಿಂದ ಇರುವುದನ್ನು ನಾವು ಖುದ್ದು ಕಣ್ಣಾರೆ ಕಂಡಿರುತ್ತೇವೆ.' ಸೂರಜ ಅದನ್ನು ಹಿಡಿದು ಓಣಿಯ ಹಿರಿಯರಾದ ಕರೆಪ್ಪ ಮಾಸ್ತರರ ಮನೆಗೆ ಹೋದ. ನಿವೃತ್ತ ಹೆಡ್ ಮಾಸ್ತರರು. ಸುಳ್ಳು ಹೇಳಿದ ಹುಡುಗರ ಕೈಗೆ ರೂಲು ಮುರಿದವರು.

ಮಾಸ್ತರರು ಓದಿ ಕೆಂಪಾದರು.

"ಏನ್ ಕಣ್ಣಾರೆ ಕಂಡೇನೋ ನಾ? ಯಾವಾಗ ಕಂಡೆ? ಹಂಗ ಮಂದಿ ಮುಂದ ಪ್ರೀತಿ ಮಾಡಿದ್ರ ನಿಮ್ಮನ್ನ ಈ ಓಣ್ಯಾಗ ಇಟಗೋತಿದ್ವೇನು?"

"ಹಂಗಲ್ರಿ ಸರ, ಅದು ಕಾಯದೆ ಪ್ರಕಾರ..."

"ಸುಳ್ಳಿಗೆ ನಾ ಸಹಿ ಹಾಕಾಂವಲ್ಲ. ಆದ್ರ ನೀ ಚಲೋ ಹುಡುಗ. ನಾ ನನ್ನ ಕೈಲೆ ಬರದ ಕೊಡ್ತೇನಿ, ಇಂಗ್ಲೀಷನ್ಯಾಗ. ದೊರಿಗೋಳಿಗೆ ತಿಳಿಬೇಕು."

ಎರಡು ದಿನ ಕೂತು, ಡಿಕ್ಷನರಿ ನೋಡಿ, ಮುತ್ತಿನಂಥ ಅಕ್ಷರದಲ್ಲಿ ಒಂದು ಸರ್ಟಿಫಿಕೇಟು ಬರೆದು, ಲಕೋಟೆಗೆ ಅಂಟು ಹಚ್ಚಿ ಕೊಟ್ಟರು. ಹಿರಿಯರು ಮುಚ್ಚಿ ಕೊಟ್ಟದ್ದನ್ನು ತೆರೆಯುವುದು ಸೂರಜನ ಜಾಯಮಾನವಲ್ಲ. ಕಾಗದದ ತೂಕ ನೋಡಿ ಲಗತ್ತಿಸುವ ವಕೀಲರು ತೆರೆದು ಓದುವವರಲ್ಲ. ಲಕೋಟೆ ಹಾಗೇ ನ್ಯೂಝಿಲಂಡಿನವರ ಕೈ ಸೇರಿತು.

ತಿಂಗಳಾದ ಮೇಲೆ ಉತ್ತರ ಬಂತು. ಕಳಿಸಿದ ಪುರಾವೆಗಳಿಂದ ಸಮಾಧಾನವಾಗಿಲ್ಲ, ಕೆಲವಂತೂ ಸಂಶಯ ಹೆಚ್ಚಿಸಿವೆ, ಆದಕಾರಣ ಗಂಡ-ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ಫೋನಿನ ಮೇಲೆ ವಿಚಾರಿಸಲಾಗುವುದು. ಮೊದಲು ಮಯೂರಿಯನ್ನು, ವಾರ ಬಿಟ್ಟು ಸೂರಜನನ್ನು. ಅಷ್ಟರಲ್ಲಿ ಇಬ್ಬರೂ ಈ ವಿಷಯ ಮಾತಾಡಿಕೊಳ್ಳುವ ಹಾಗಿಲ್ಲ.

"ಏನ್ ಕೇಳ್ತಾರ್ರಿ?" ಎಂದ ಸೂರಜ.

"ಹೆಂಡ್ತಿಗೆ ಯಾವ ಬಣ್ಣ ಪ್ರೀತಿ, ಏನ್ ತಿಂತಾಳ, ಹುಟ್ಟಿದ ದಿನ ಏನ್ ಕೊಟ್ಟಿ, ಇಂಥಾವ" ಎಂದರು ವಕೀಲರು. "ಉತ್ತರಾ ತಪ್ಪಿದ್ರ ದಾವಾ ಖಾರೀಜ್."

ಸೂರಜನಿಗೆ ನಿಜವಾಗಿ ಹೆದರಿಕೆಯಾದದ್ದು ಅವತ್ತು. ಗೋಕಾಕದಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ತನ್ನನ್ನು ತಾನೇ ಕೇಳಿಕೊಂಡ: ಯಾವ ಬಣ್ಣ? ಗೊತ್ತಿಲ್ಲ. ಹುಟ್ಟಿದ ದಿನ? ಗೊತ್ತಿಲ್ಲ. ಅವಳು ರಜೆಗೆ ಬಂದಾಗಲೂ ಮನೆ ತುಂಬ ಬೀಗರು, ಇವನು ಅವಳ ಮುಖ ಕಂಡದ್ದು ಚಹಾದ ಕಪ್ಪು ಇಸಿದುಕೊಳ್ಳುವಾಗ. ಅಷ್ಟು ದೂರದ ದೇಶದಲ್ಲಿ ಒಬ್ಬಳೇ ಇದ್ದು, ಇಂಗ್ಲೀಷ್ ಮಾತಾಡಿ, ಕಾರು ಓಡಿಸಲು ಕಲಿತವಳು. ಈಗ ಅವಳಿಗೂ ಅದೇ ಪ್ರಶ್ನೆ ಕೇಳುತ್ತಾರೆ, ನಿನ್ನ ಗಂಡ ಎಂಥವನು ಅಂತ. ಏನು ಹೇಳಿಯಾಳು? 'ಹೂಂ' ಅನ್ನುತ್ತಾನೆ ಅಂತ ಹೇಳಿಯಾಳು. ಸರಕಾರದ ಮಾತು ಬಿಡಿ, ತಾನು ಅವಳ ಗಂಡ ಹೌದೋ ಅಲ್ಲವೋ ಅನ್ನುವುದು ಸೂರಜನಿಗೇ ಅನುಮಾನವಾಗತೊಡಗಿತು.

ಪರೀಕ್ಷೆ ಹತ್ತಿರ ಬಂದ ಹುಡುಗನಂತೆ ತಯಾರಿಗೆ ಬಿದ್ದ. ಮತ್ತೆ ಮೂಡಲಗಿಗೆ ಹೋಗಿ ಸಾತವ್ವನನ್ನು ಕೇಳಿದರೆ "ನನ್ನ ಮಗಳಿಗೆ ಎಣಗಾಯಿ ಅಂದ್ರ ಜೀವ" ಎಂದಳು. ಹುಕ್ಕೇರಿಗೆ ಬಂದು ರಾಯವ್ವನನ್ನು ಕೇಳಿದರೆ "ಬದನಿಕಾಯಿ? ಮುಟ್ಟಂಗಿಲ್ಲ ಆಕಿ. ಝುಣಕಾ ಅಂದ್ರ ರೊಟ್ಟಿ ಮ್ಯಾಲ ರೊಟ್ಟಿ ತಿಂತಾಳ" ಎಂದಳು. ತವರಿನವರು ತವರಿನ ಅಡುಗೆ ಹೊಗಳಿದರು, ಅತ್ತೆ ತನ್ನ ಅಡುಗೆ ಹೊಗಳಿಕೊಂಡಳು. ಪಾಪ, ಮಯೂರಿ ಎರಡೂ ಕಡೆ ತಲೆಯಾಡಿಸಿ ತಿಂದಿದ್ದಳು ಅನ್ನುವುದು ಯಾರಿಗಾದರೂ ಹೊಳೆಯಬೇಕಲ್ಲ.

ವಿಚಾರಣೆಯ ದಿನ ರಾಯವ್ವ ಮುಂಜಾನೆಯೇ ದಂಡನಾಯಕಿಯಾದಳು. ಹಿರಿಸೊಸೆಯನ್ನು ಹೊಲಕ್ಕೆ ಅಟ್ಟಿದಳು, ಮಕ್ಕಳನ್ನು ಸಾಲಿಗೆ ದೂಡಿದಳು, ಗೌರಕ್ಕನಿಗೆ "ಇವತ್ತ ಬಂದ್ರ ನೋಡ ಮತ್ತ" ಅಂತ ಬೆರಳು ತೋರಿಸಿ ಬಂದಳು, ಸತ್ತೆಪ್ಪನನ್ನು ಹೊರಗಿನ ಕಟ್ಟೆಗೆ ಕೂರಿಸಿದಳು. ತಾನು ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ ಕೂತಳು.

"ಯವ್ವಾ, ಒಬ್ಬನ ಇರಬೇಕಂತ ಹೇಳ್ಯಾರ ಬೇ."

"ನಾ ಎಲ್ಲಿ ಅದೇನೋ? ಗೋಡಿ ಇದ್ದಂಗ ಇರ್ತೇನಿ, ನೀ ಮಾತಾಡು."

ಗೋಡೆಗೆ ಕಿವಿ ಇರುವುದು ಎಲ್ಲರಿಗೂ ಗೊತ್ತು. ಈ ಗೋಡೆಗೆ ಬಾಯಿಯೂ ಇತ್ತು.

ಫೋನು ಬಂತು. ಒಬ್ಬ ಹೆಣ್ಣು ಅಧಿಕಾರಿ ಇಂಗ್ಲೀಷಿನಲ್ಲಿ ಕೇಳುವುದು, ನಡುವೆ ದುಭಾಷಿ ಅದನ್ನು ಕನ್ನಡಕ್ಕೆ ತರುವುದು. ದುಭಾಷಿ ಮೈಸೂರು ಕಡೆಯವರು, ಬಹಳ ನಯ. "ನಿಮ್ಮ ಪತ್ನಿಯವರಿಗೆ ಅತ್ಯಂತ ಪ್ರಿಯವಾದ ತಿನಿಸು ಯಾವುದು, ಸ್ವಲ್ಪ ಹೇಳ್ತೀರಾ?"

ಸೂರಜ ಬಾಯಿ ತೆರೆಯುವುದರೊಳಗೆ ಬಾಗಿಲ ಹಿಂದಿನಿಂದ "ಝುಣಕಾ ಅನ್ನೋ, ಝುಣಕಾ!" ಅಂತ ಬಂತು.

"ಅಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಅಂತ ಮೇಡಂ ಕೇಳ್ತಿದ್ದಾರೆ."

"ನಮ್ಮವ್ವ ಅದಾಳ್ರಿ. ಮಾತಾಡಾಂಗಿಲ್ಲ ಅಂದಿದ್ಲು."

ಅವರನ್ನು ಹೊರಗೆ ಕಳಿಸಬೇಕೆಂದು ಅಪ್ಪಣೆಯಾಯಿತು. ರಾಯವ್ವ ಗೊಣಗುತ್ತ ಹೊರಗೆ ಹೋಗಿ ಕಿಟಕಿಯ ಕೆಳಗೆ ಕೂತಳು. ಕಿಟಕಿ ಮೊದಲಿನ ಬಾಗಿಲಿಗಿಂತ ಫೋನಿಗೆ ಹತ್ತಿರವಿತ್ತು.

"ಮುಂದಿನದು" ಎಂದರು ದುಭಾಷಿ. "ಕರೆಪ್ಪ ಎಂಬ ನಿವೃತ್ತ ಶಿಕ್ಷಕರು ನಿಮ್ಮ ಪರವಾಗಿ ಒಂದು ಪತ್ರ ಕೊಟ್ಟಿದ್ದಾರೆ. ಓದ್ತೀನಿ ಕೇಳಿ. 'ಸೂರಜ ಅತ್ಯಂತ ಸಭ್ಯ ಯುವಕ. ಮದುವೆಯಾದಂದಿನಿಂದ ಅವನ ಹೆಂಡತಿ ಪರದೇಶಕ್ಕೆ ಹೋಗುವ ತನಕ ಅವನು ಅವಳೊಂದಿಗೆ ಒಂದು ಮಾತಾಡಿದ್ದನ್ನಾಗಲೀ, ಅವಳತ್ತ ತಿರುಗಿ ನೋಡಿದ್ದನ್ನಾಗಲೀ ನಾನು ಕಂಡಿಲ್ಲ. ಓಣಿಯಲ್ಲಿ ಯಾರೂ ಕಂಡಿಲ್ಲ. ಇದನ್ನು ಪ್ರಮಾಣ ಮಾಡಿ ಹೇಳುತ್ತೇನೆ.' ಇದು ನಿಜವೇ?"

ಮಾಸ್ತರರು ಮೆಚ್ಚಿ ಬರೆದದ್ದು, ಒಂದಕ್ಷರ ಸುಳ್ಳಿಲ್ಲ.

"ಖರೇನ ಐತ್ರಿ" ಎಂದ.

"ಇದು ನಿಮ್ಮ ಪರವಾದ ಸಾಕ್ಷಿಯೇ?"

"ಹೌದ್ರಿ. ನಮ್ಮ ಕಡೆ ಇದು ಚಲೋ ಗುಣ."

ಇಂಗ್ಲೀಷಿನಲ್ಲಿ ಏನೋ ಮಾತಾಯಿತು. ದುಭಾಷಿಯ ದನಿ ಈ ಸಲ ಮೆತ್ತಗಿತ್ತು. "ಮೇಡಂ ಕೇಳ್ತಿದ್ದಾರೆ: ಓಣಿಯಲ್ಲಿ ಮಾತಾಡಲಿಲ್ಲ. ಮನೆಯಲ್ಲಿ ಎಲ್ಲರೂ ಇರ್ತಿದ್ದರು. ಪತ್ರ ಇಲ್ಲ. ಫೋಟೊ ಇಲ್ಲ. ಹಾಗಾದರೆ ನೀವಿಬ್ಬರೂ ಮಾತಾಡಿದ್ದು ಯಾವಾಗ?"

ಸೂರಜ ಕಿಟಕಿಯ ಕಡೆ ನೋಡಿದ. ಅವ್ವನ ನರೆಗೂದಲ ತುರುಬು ಕಾಣುತ್ತಿತ್ತು. ಉತ್ತರ ಅವನಿಗೆ ಗೊತ್ತಿತ್ತು. ಆದರೆ ಅದನ್ನು ಅವನು ಜಗತ್ತಿನಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳುವ ವಿಚಾರವೂ ಇರಲಿಲ್ಲ. ಅದೂ ಅವ್ವನ ಕಿವಿಗೆ ಬೀಳುವ ಹಾಗೆ! ಹೇಳಿದರೆ ಈ ಮನೆಯಲ್ಲಿ ಮುಖ ಎತ್ತುವ ಹಾಗಿಲ್ಲ. ಹೇಳದಿದ್ದರೆ ಮಯೂರಿಯ ಎರಡು ವರ್ಷದ ದುಡಿಮೆ, ಅವಳ ಪರ್ಮನಂಟು, ತನ್ನ ಸಂಸಾರ, ಎಲ್ಲ ಹುಣಸೆಹಣ್ಣು ಹೊಳೆಯಲ್ಲಿ ತೊಳೆದ ಹಾಗೆ. ಕಿಟಕಿಗೆ ಬೆನ್ನು ಮಾಡಿ ಕೂತ.

"ಆಕಿ ಗೋಕಾಕದಾಗ ಕೆಲಸಕ್ಕಿದ್ಲ್ರಿ. ಸಂಜಿಕ ಬಸ್ಸಿಗೆ ಬರ್ತಿದ್ಲು. ನಮ್ಮ ಮನಿ ಊರ ಹೊರಗ. ನಾ ಅಂಗಡಿ ಬಂದ್ ಮಾಡಿ, ಎಂ-ಏಟಿ ಗಾಡಿ ಮ್ಯಾಲ ಆಕಿನ್ನ ಕರಕೊಂಡ ಬರ್ತಿದ್ನಿ."

"ದಾರಿ ಎಷ್ಟು ಹೊತ್ತಿನದು?"

"ದಾರಿ ಸಣ್ಣದರಿ. ನಾವ ದೊಡ್ಡದ ಮಾಡ್ತಿದ್ವಿ."

ದುಭಾಷಿ ನಕ್ಕದ್ದು ಕೇಳಿಸಿತು. ಸೂರಜನ ಬಾಯಿ ಒಮ್ಮೆ ಬಿಚ್ಚಿಕೊಂಡದ್ದೇ ತಡ, ನಿಲ್ಲಲಿಲ್ಲ. ಜನ್ಮದಲ್ಲಿ ಒಟ್ಟಿಗೆ ಅಷ್ಟು ಮಾತಾಡಿದವನಲ್ಲ. ಊರು ದಾಟಿದ ಮೇಲೆ ಹಳ್ಳಕ್ಕೆ ಕಟ್ಟಿದ ಒಂದು ಸಣ್ಣ ಪೂಲು ಬರುತ್ತದೆ, ಅದರ ಕಟ್ಟೆಯ ಪಕ್ಕ ಜಾಲಿಗಿಡ. ಅಲ್ಲಿ ಗಾಡಿ ನಿಂತುಬಿಡುತ್ತಿತ್ತು. ಅವಳು ಕಟ್ಟೆಯ ಮೇಲೆ ಕೂರುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರಿಗೆ ಹೆರಿಗೆ ಆಯಿತು, ಯಾರು ಸತ್ತರು, ಯಾವ ಡಾಕ್ಟರು ಬೈದ, ಎಲ್ಲ ಹೇಳುತ್ತಿದ್ದಳು. ನ್ಯೂಝಿಲಂಡಿನ ಅರ್ಜಿ ಹಾಕಲೋ ಬೇಡವೋ ಅಂತ ಕೇಳಿದ್ದೂ ಆ ಕಟ್ಟೆಯ ಮೇಲೆಯೇ. ಹಾಕು ಅಂತ ಇವನು ಹೇಳಿದ್ದೂ ಅಲ್ಲಿಯೇ. ಹೇಳಿ ಆಚೆ ಮುಖ ತಿರುಗಿಸಿದ್ದ, ಅವಳೂ ತಿರುಗಿಸಿದ್ದಳು.

"ಮೊದಲ ಏನ ಕೇಳಿದ್ರಿ? ತಿನ್ನೂದು? ಖರೇ ಹೇಳ್ಬೇಕಂದ್ರ ಆಕಿಗೆ ಕರದಂಟ ಅಂದ್ರ ಪ್ರಾಣ್ರಿ. ಗೋಕಾಕದಿಂದ ಒಂದ ಸಣ್ಣ ಪುಡಿಕಿ ಕಟ್ಟಿಸಿಕೊಂಡ ಬರ್ತಿದ್ಲು. ಗ್ವಾಡಂಬಿ ಎಲ್ಲಾ ತಾ ತಿಂತಿದ್ಲು, ಉತ್ತತ್ತಿ ಸೇರಂಗಿಲ್ಲ, ಅದನ್ನ ಆರಿಸಿ ನನಗ ಕೊಡ್ತಿದ್ಲು. ಅಲ್ಲೇ ತಿಂದ ಮುಗಸ್ತಿದ್ವಿ. ಮನಿಗೆ ಒಯ್ದ್ರ ಎಲ್ಲಾರಿಗೂ ಹಂಚಬೇಕಲ್ರಿ."

ಕಿಟಕಿಯ ಕೆಳಗಿನಿಂದ "ಆಂ?" ಅಂತ ಒಂದು ಉದ್ಗಾರ ಬಂತು.

"ಮನೆಯವರು ತಡವಾಯಿತೇಕೆ ಅಂತ ಕೇಳ್ತಿರಲಿಲ್ಲವೇ?"

"ಬಸ್ ಲೇಟ್ ಆತು ಅಂತ ಹೇಳ್ತಿದ್ನಿ. ಬಸ್ ಒಂದ ದಿನಾನೂ ಲೇಟ್ ಆಗಿರಲಿಲ್ಲ."

ಆಚೆ ಕಾಗದ ಮಗುಚುವ ಸಪ್ಪಳ. ಅಧಿಕಾರಿ ನಿಧಾನವಾ‌ಗಿ ಏನೋ ಓದಿದರು. ದುಭಾಷಿ ಅದನ್ನು ಅಷ್ಟೇ ನಿಧಾನವಾಗಿ ಕನ್ನಡಕ್ಕೆ ತಂದರು.

"ನಿಮ್ಮ ಪತ್ನಿಯವರು ಹೋದ ವಾರ ಹೇಳಿದ್ದು ಹೀಗಿದೆ. 'ನನ್ನ ಗಂಡ ಊರ ಮೋಟರನ್ನೆಲ್ಲ ರಿಪೇರಿ ಮಾಡುವವನು. ಅವನ ಗಾಡಿ ಮಾತ್ರ ದಿನಾ ಒಂದೇ ಜಾಗದಲ್ಲಿ ಕೆಟ್ಟು ನಿಲ್ಲುತ್ತಿತ್ತು. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಎಲ್ಲಿ ರಿಪೇರಿ ಮಾಡಿಬಿಡುತ್ತಾನೋ ಅಂತ ನನಗೆ ಹೆದರಿಕೆ.' ಗಾಡಿಗೆ ಏನಾಗಿತ್ತು, ಸೂರಜ್ ಅವರೇ?"

ಸೂರಜನ ಕಣ್ಣು ಮಂಜಾಯಿತು. ತಾನು ಅವಳಿಗೆ ಟೋಪಿ ಹಾಕುತ್ತಿದ್ದೇನೆ ಅಂದುಕೊಂಡಿದ್ದ ಅಷ್ಟೂ ಸಂಜೆ ಅವಳು ತಿಳಿದೂ ತಿಳಿದೂ ಹಾಕಿಸಿಕೊಂಡಿದ್ದಳು.

"ಏನೂ ಆಗಿರಲಿಲ್ರಿ" ಎಂದ. "ಪೆಟ್ರೋಲ್ ಕಾಕ್ ನಾನ ಬಂದ್ ಮಾಡ್ತಿದ್ನಿ."

ಇನ್ನೇನೂ ಕೇಳುವುದಿಲ್ಲ, ತೀರ್ಮಾನವನ್ನು ನಿಮ್ಮ ಪತ್ನಿಯವರಿಗೆ ತಿಳಿಸುತ್ತೇವೆ ಅಂತ ಹೇಳಿ ಫೋನು ಇಟ್ಟರು.

ರಾಯವ್ವ ಒಳಗೆ ಬಂದಳು. ಸೊಂಟದ ಮೇಲೆ ಕೈ.

"ಬಸ್ ಲೇಟ್ ಆಗಿರಲಿಲ್ಲ?"

"ಇಲ್ಲ ಬೇ."

"ಮತ್ತ ನಾ ಸ್ಟ್ಯಾಂಡಿಗೆ ಹೋಗಿ ಆ ಕಂಡಕ್ಟರನ ಹತ್ತ ತಲಿಮಾರ ಉದ್ಧಾರ ಮಾಡಿ ಬಂದಿದ್ನಲ್ಲೋ! ಆ ಮನಿಶಾ ಬಾಯಾಗ ಬೆರಳ ಇಟಗೊಂಡ ನಿಂತಿದ್ದ!"

ಸೂರಜ ನೆಲ ನೋಡಿದ.

"ಅದು ಹ್ವಾದ್ರ ಹೋಗ್ಲಿ. ಕರದಂಟು! ಒಂದ ತುಣಕ? ಒಂದ ತುಣಕ ಈ ಮನಿಗೆ ಬರಲಿಲ್ಲ?"

ಕಳ್ಳಪ್ರೀತಿಯನ್ನು ಕ್ಷಮಿಸುವ ತಾಯಂದಿರು ಇದ್ದಾರೆ, ಕಳ್ಳ ಕರದಂಟನ್ನು ಕ್ಷಮಿಸುವವರು ಅಪರೂಪ. ರಾಯವ್ವ ಎರಡು ದಿನ ಅವನ ತಾಟಿಗೆ ರೊಟ್ಟಿಯನ್ನು ಎತ್ತರದಿಂದಲೇ ಒಗೆದಳು. ಮೂರನೆಯ ದಿನ ಸಂಜೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತವಳು, ಯಾರನ್ನೂ ನೋಡದೆ, ಅಕ್ಕಿಯಲ್ಲಿನ ಕಲ್ಲಿಗೆ ಹೇಳಿದಂತೆ ಹೇಳಿದಳು:

"ಪುಣ್ಯವಂತಿ ಆಕಿ. ನನ್ನ ಗಂಡಗ ಗಾಡಿನೂ ಇರಲಿಲ್ಲ, ಕೆಡಸೂ ಬುದ್ಧಿನೂ ಇರಲಿಲ್ಲ."

ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಸತ್ತೆಪ್ಪ ಬಾಯಿ ತೆರೆದ. ಅದು ಅವನು ಫೋನಿಲ್ಲದೆ ಆಡಿದ ಆ ತಿಂಗಳ ಮೊದಲ ಮಾತಿರಬೇಕು.

"ಚಕ್ಕಡಿ ಇತ್ತಲ್ಲ."

"ಇತ್ತು. ಅದರಾಗ ನಡಕ ನಿಮ್ಮವ್ವ ಕುಂತಿರ್ತಿದ್ದಳಲ್ಲ!"

ಹೇಳಿದವಳು ಮೊರ ತೊಡೆಯ ಮೇಲೆ ಇಟ್ಟುಕೊಂಡು, ತೆರೆದ ಬಾಗಿಲಿನಿಂದ ಪಡಸಾಲೆಯಲ್ಲಿನ ಫೋನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಅವತ್ತು ರಾತ್ರಿ ರೊಟ್ಟಿ ತಾಟಿಗೆ ಮೆತ್ತಗೆ ಬಂತು, ಮೇಲೆ ಬೆಣ್ಣೆಯೂ ಇತ್ತು.

ದಸರೆ ಮುಗಿಯಿತು. ದೀಪಾವಳಿ ಇನ್ನೇನು ಬಂತು ಅನ್ನುವಾಗ ಒಂದು ಮುಂಜಾನೆ, ರವಿವಾರವಲ್ಲದ ದಿನ, ಫೋನು ಬಡಿದುಕೊಂಡಿತು. ಇಂಥ ದಿನ ಇಂಥ ಹೊತ್ತಿಗೆ ಫೋನು ಬಂತೆಂದರೆ ಅದೇ ಸುದ್ದಿ. ಅಂಗಡಿಗೆ ಹೊರಟಿದ್ದ ಸೂರಜ ಹೊಸ್ತಿಲಲ್ಲೇ ನಿಂತ. ಹಿರಿಸೊಸೆ ಒಲೆ ಬಿಟ್ಟು ಬಂದಳು, ಮಕ್ಕಳು ಬಂದರು, ಗೌರಕ್ಕ ಹಿಟ್ಟಿನ ಕೈ ಸಮೇತ ಬಂದಳು, ಅವಳ ಹಿಂದೆ ಇವತ್ತು ಕರೆಪ್ಪ ಮಾಸ್ತರರೂ ಬಂದರು. ತಮ್ಮ ಇಂಗ್ಲೀಷು ಗೆದ್ದಿತೋ ಇಲ್ಲವೋ ಅಂತ ಅವರಿಗೆ ತಿಳಿಯಬೇಕಿತ್ತು. ರಾಯವ್ವ ಪದ್ಧತಿಯಂತೆ ರಿಸೀವರ್ ಎತ್ತಿದಳು.

"ಅತ್ತಿ, ನಾನ್ರಿ, ಮಯೂರಿ" ಅನ್ನುವುದು ನಿಂತವರಿಗೆಲ್ಲ ಕೇಳಿಸಿತು. "ಅತ್ತಿ, ಅದು..."

"ತಡಿ" ಎಂದಳು ರಾಯವ್ವ. "ನನಗ ಹೇಳಬ್ಯಾಡ. ಮೊದಲ ಅವಗ ಹೇಳು."

ರಿಸೀವರನ್ನು ಸೂರಜನ ಕೈಗೆ ಕೊಟ್ಟಳು. ಕೊಟ್ಟವಳು ಅಲ್ಲೇ ನಿಲ್ಲಲಿಲ್ಲ. ಮಕ್ಕಳ ರಟ್ಟೆ ಹಿಡಿದು, ಸೊಸೆಯ ಬೆನ್ನಿಗೆ ಕೈ ಹಚ್ಚಿ, ಗೌರಕ್ಕನನ್ನೂ ಮಾಸ್ತರರನ್ನೂ ಬಾಯಲ್ಲೇ ದೂಡಿ, ಎಲ್ಲರನ್ನೂ ಅಂಗಳಕ್ಕೆ ಇಳಿಸಿದಳು. ಕಿಟಕಿ ಮುಚ್ಚಿದಳು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಮದುವೆಯಾದಂದಿನಿಂದ ಈ ಮನೆಯಲ್ಲಿ ಸೂರಜನ ಹಿಂದೆ ಹಗಲುಹೊತ್ತು ಬಾಗಿಲು ಮುಚ್ಚಿದ್ದು ಅದೇ ಮೊದಲು.

"ರೀ..." ಎಂದಳು ಮಯೂರಿ. "ಆತ್ರಿ. ಇಬ್ಬರದೂ ಆತು."

ಸೂರಜನ ಬಾಯಿಂದ ಇವತ್ತು 'ಹೂಂ' ಸಹ ಬರಲಿಲ್ಲ. ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. ಅವಳ ಕಾರ್ಡು ಇವತ್ತು ತುಂಬಾ ಇತ್ತು. ಹೇಳಬೇಕಾದದ್ದು ಎರಡು ವರ್ಷದ್ದಿತ್ತು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಇಬ್ಬರೂ ಒಬ್ಬರ ಉಸಿರು ಇನ್ನೊಬ್ಬರು ಕೇಳುತ್ತ ಕೂತರು.

ಬಾಗಿಲಾಚೆ ಗದ್ದಲ ಏರಿತು. ಗೌರಕ್ಕನ ದನಿ ಎಲ್ಲರಿಗಿಂತ ಮೇಲೆ: "ರಾಯವ್ವಾ, ಏನಾತಂತ ಬೇ? ಆತಂತೇನು? ಇಷ್ಟೊತ್ತ ಯಾಕ?"

ಬಾಗಿಲಿಗೆ ಬೆನ್ನು ಕೊಟ್ಟು ನಿಂತ ರಾಯವ್ವ ಶಾಂತವಾಗಿ ಹೇಳಿದ್ದು ಒಳಗಿನ ಸೂರಜನಿಗೂ, ಸಮುದ್ರದಾಚೆಯ ಮಯೂರಿಗೂ ಸ್ವಚ್ಛ ಕೇಳಿಸಿತು.

"ಏನೂ ತಿಳಿವಲ್ದು ಗೌರಕ್ಕ. ಲೈನ್ ಕೆಟ್ಟೈತಿ. ತಡಾ ಆಕ್ಕೈತಿ, ನೀವೆಲ್ಲಾ ಮನಿಗೆ ನಡೀರಿ."